ತೆರೆಯ ಮೇಲಿನ ಸಿಟ್ಟಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಿನಿಮಾ ಸಂಭಾಷಣೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು: ಕನ್ನಡ ಚಿತ್ರಗಳ ಪಾತ್ರಗಳು ಸಿಟ್ಟಾದಾಗ ಹೇಗೆ ಮಾತಾಡುತ್ತವೆ ಎಂಬುದು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದಾಗಿಸಿದ್ದೇವೆ. ಪತ್ರ ಬರೆದವರ ಊರಿನ ಹೆಸರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಒಂದು ಬೈಗುಳವೂ ಇಲ್ಲದೆ ಸಿಟ್ಟು ನಮ್ಮ ಎದೆಗೆ ತಟ್ಟುತ್ತಿತ್ತು. ಈಗಿನ ಪಾತ್ರಗಳು ಮೊದಲ ದೃಶ್ಯದಿಂದಲೇ ಬೈಯುತ್ತಿದ್ದರೂ ಏನೂ ಅನ್ನಿಸುವುದಿಲ್ಲ. ನಮಗೆ ವಯಸ್ಸಾಯಿತೇ, ಅಥವಾ ಮಾತಿನಲ್ಲೇ ಏನಾದರೂ ಬದಲಾಗಿದೆಯೇ?
(ಓದುಗರು, ಹಾಸನ)

ಉತ್ತರ: ವಯಸ್ಸಿನ ಮಾತು ಬಿಡೋಣ, ಅದಕ್ಕೆ ಉತ್ತರ ಹೇಳಹೊರಟರೆ ಅಂಕಣಕಾರನ ವಯಸ್ಸೂ ಹೊರಬೀಳುತ್ತದೆ. ಮಾತಿನಲ್ಲಿ ಬದಲಾವಣೆ ಆಗಿರುವುದು ನಿಜ, ಮತ್ತು ಅದು ನೀವು ಊಹಿಸಿದ ಜಾಗದಲ್ಲಿ ಆಗಿಲ್ಲ.

ಕನ್ನಡದಲ್ಲಿ ಸಿಟ್ಟು ಬೈಗುಳಕ್ಕಾಗಿ ಕಾದು ಕೂರುವುದಿಲ್ಲ. ಅದು ಮೊದಲು ಕಾಣಿಸಿಕೊಳ್ಳುವುದು ಸರ್ವನಾಮದಲ್ಲಿ ಮತ್ತು ಕ್ರಿಯಾಪದದ ಕೊನೆಯಲ್ಲಿ. ಅಲ್ಲಿಯವರೆಗೆ 'ನೀವು ಹೇಳಿದ ಹಾಗೇ ಆಗಲಿ' ಎನ್ನುತ್ತಿದ್ದ ಗುಮಾಸ್ತ ಒಂದು ದಿನ ಯಜಮಾನನ ಎದುರು ನಿಂತು 'ನೀನು ಹೇಳಿದ್ದಕ್ಕೆಲ್ಲ ತಲೆಯಾಡಿಸೋಕೆ ನಾನೇನು ನಿನ್ನ ಮನೆ ಬಸವನಾ?' ಎಂದರೆ, ಆ ವಾಕ್ಯದಲ್ಲಿ ಒಂದೂ ಕೆಟ್ಟ ಪದವಿಲ್ಲದಿದ್ದರೂ ಚಿತ್ರಮಂದಿರದ ಕೊನೆಯ ಸಾಲಿನವರಿಗೂ ಏನೋ ಮುರಿದುಬಿತ್ತೆಂದು ತಿಳಿಯುತ್ತದೆ. 'ನೀವು' ಹೋಗಿ 'ನೀನು' ಬಂದದ್ದೇ ಇಲ್ಲಿನ ಹೊಡೆತ. ಇದಕ್ಕಿಂತಲೂ ಹರಿತವಾದದ್ದು ಇದರ ತಿರುಗುಮುರುಗು. ದಿನವೂ ಏಕವಚನದಲ್ಲಿ ಮಾತಾಡುವ ಹೆಂಡತಿ ಗಂಡನಿಗೆ 'ತಾವು ದೊಡ್ಡವರು, ತಮಗೆ ಹೇಳೋಕೆ ನಾವ್ಯಾರು' ಎಂದಾಗ, ಅಥವಾ ಅಣ್ಣನೊಬ್ಬ ತಮ್ಮನನ್ನು 'ಬನ್ನಿ ಸ್ವಾಮಿ, ಮಹಾನುಭಾವರು ಬಂದಿರಿ' ಎಂದು ಬರಮಾಡಿಕೊಂಡಾಗ, ಮರ್ಯಾದೆಯೇ ಚಾಟಿಯಾಗುತ್ತದೆ. ಇನ್ನೂ ಕೆಳಗಿಳಿದರೆ ಮನುಷ್ಯನಿಗೆ ನಪುಂಸಕಲಿಂಗ ಹಚ್ಚುವುದುಂಟು: 'ಬಂತು ನೋಡು ಅದು', 'ಅದಕ್ಕೇನು ಗೊತ್ತಾಗುತ್ತೆ'. ಎದುರಿಗಿರುವವನನ್ನು ವಸ್ತುವಿನ ಸಾಲಿಗೆ ಸೇರಿಸಲು ನಮಗೆ ಬೈಗುಳ ಬೇಡ, ಒಂದು ಪ್ರತ್ಯಯ ಸಾಕು.

ಕ್ರಿಯಾಪದಗಳ ಸಂಪತ್ತೂ ದೊಡ್ಡದು. 'ಹೇಳು' ಎಂಬುದು 'ಒದರು' ಆಗುತ್ತದೆ, 'ಬೊಗಳು' ಆಗುತ್ತದೆ. 'ತಿನ್ನು' ಎಂಬುದು 'ಮುಕ್ಕು' ಆಗುತ್ತದೆ. 'ಹೋಗು' ಎಂಬುದು 'ತೊಲಗು', 'ಇರು' ಎಂಬುದು 'ಬಿದ್ದಿರು'. 'ಬಂದು ಸಾಯಿ', 'ಅದೇನು ಹೇಳಿ ಸಾಯಿ' ಎನ್ನುವ ತಾಯಿ ಯಾರ ಸಾವನ್ನೂ ಬಯಸಿಲ್ಲ; ಅಲ್ಲಿ 'ಸಾಯಿ' ಎಂಬುದು ತಾಳ್ಮೆ ಮುಗಿದದ್ದರ ಗುರುತು ಮಾತ್ರ. ಬೆದರಿಕೆಗೂ ಮೆಟ್ಟಿಲುಗಳಿವೆ: 'ಹೊಡೀತೀನಿ' ಎಂದರೆ ಎಚ್ಚರಿಕೆ, 'ಹೊಡೆದುಬಿಡ್ತೀನಿ' ಎಂದರೆ ಕೈ ಎತ್ತಿ ಆಗಿದೆ, 'ಹೊಡೆದುಹಾಕ್ತೀನಿ' ಎಂದರೆ ಪ್ರಾಣದ ಮಾತು. ಇನ್ನೊಂದು ಗುರುತು ಪದಗಳ ಕ್ರಮದಲ್ಲಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಸಿಟ್ಟಿನಲ್ಲಿ ಅದು ಮುಂದಕ್ಕೆ ಜಿಗಿಯುತ್ತದೆ. 'ನಾನು ನಿನ್ನನ್ನು ಬಿಡುವುದಿಲ್ಲ' ಎಂಬುದು ನೋಟೀಸಿನ ಭಾಷೆ, 'ಬಿಡಲ್ಲ ನಾನು ನಿನ್ನ' ಎಂಬುದು ಸಿಟ್ಟು. ಒಳ್ಳೆಯ ಸಂಭಾಷಣೆಕಾರರು ಇದನ್ನು ಪಾಠ ಮಾಡಿಸಿಕೊಂಡು ಕಲಿತವರಲ್ಲ. ಅಂಗಳದ ಜಗಳಗಳಿಗೆ ಕಿವಿಗೊಟ್ಟು ಕಲಿತವರು.

ಹೀಗೆ ಮೆಟ್ಟಿಲುಗಳಿರುವ ಭಾಷೆಯಲ್ಲಿ ಸಿಟ್ಟಿಗೆ ಬೆಲೆ ಬರುವುದು ಇಳಿಯಲು ಮೆಟ್ಟಿಲು ಉಳಿದಿರುವಾಗ. ಮೊದಲ ದೃಶ್ಯದಲ್ಲೇ ಎಲ್ಲರನ್ನೂ 'ಲೇ' ಎಂದು ಕರೆಯುವ ನಾಯಕನಿಗೆ ಕ್ಲೈಮ್ಯಾಕ್ಸಿನಲ್ಲಿ ಇಳಿಯಲು ಜಾಗವೇ ಇರುವುದಿಲ್ಲ, ಆದ್ದರಿಂದ ಅವನು ದನಿಯನ್ನು ಏರಿಸುತ್ತಾನೆ, ಹಿನ್ನೆಲೆ ಸಂಗೀತ ಅವನಿಗಿಂತ ಹೆಚ್ಚು ಏರಿಸುತ್ತದೆ. 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದ ರಾಮಾಚಾರಿ ಚಿತ್ರದುರ್ಗಕ್ಕೆಲ್ಲ ಒರಟ. ಆದರೆ ಚಾಮಯ್ಯ ಮೇಷ್ಟ್ರ ಎದುರು ಅವನ ಸಿಟ್ಟು ಗುರುವಿಗೆ ಸಲ್ಲುವ ಗೌರವದ ಗೆರೆಯೊಳಗೇ ಹೊಯ್ದಾಡಬೇಕು. ತನ್ನ ಬದುಕನ್ನು ಹಾಳುಮಾಡಿದ ತೀರ್ಮಾನ ಗುರುವಿನದೇ ಎಂದು ಗೊತ್ತಾದಾಗಲೂ ಅವನಿಗೆ ಅವರನ್ನು 'ನೀನು' ಎನ್ನಲಾಗದು. ಕೊನೆಯ ದೃಶ್ಯದಲ್ಲಿ ಆ ಬೆಟ್ಟದ ಮೇಲೆ ನಮ್ಮ ಉಸಿರು ಹಿಡಿಯುವುದಕ್ಕೆ ಈ ಬಿಗಿಯೂ ಒಂದು ಕಾರಣ ಎಂದು ನನ್ನ ಎಣಿಕೆ.

ಪ್ರಶ್ನೆ: ಪೌರಾಣಿಕ ಚಿತ್ರಗಳಲ್ಲಿ ಸಿಟ್ಟು ಬಂದವರು 'ಎಲವೋ', 'ಎಲೈ' ಎಂದು ಗ್ರಾಂಥಿಕವಾಗಿ ಏಕೆ ಗುಡುಗುತ್ತಾರೆ? ಸಿಟ್ಟು ಬಂದಾಗ ಯಾರಾದರೂ ಸಮಾಸ ಜೋಡಿಸುತ್ತಾರೆಯೇ?
(ಓದುಗರು, ಮೈಸೂರು)

ಉತ್ತರ: ಬೀದಿಯಲ್ಲಿ ಜೋಡಿಸುವುದಿಲ್ಲ, ರಂಗದ ಮೇಲೆ ಜೋಡಿಸುತ್ತಿದ್ದರು. ಕನ್ನಡ ವಾಕ್ಚಿತ್ರ 1934ರಲ್ಲಿ ಹುಟ್ಟಿದಾಗ ಅದಕ್ಕೆ ನಟರನ್ನೂ ಮಾತನ್ನೂ ಕೊಟ್ಟದ್ದು ಕಂಪನಿ ನಾಟಕ. ಮೈಕಿಲ್ಲದ ಥಿಯೇಟರಿನಲ್ಲಿ ಕೊನೆಯ ಬೆಂಚಿಗೂ ಕೇಳಿಸಬೇಕಾದ ಮಾತಿಗೆ ಮಹಾಪ್ರಾಣ, ಒತ್ತಕ್ಷರ, ದೀರ್ಘಸ್ವರಗಳು ಊರುಗೋಲಾಗಿದ್ದವು. 'ಎಲವೋ' ಎಂಬ ಮೊದಲ ಕೂಗು ಎದುರಾಳಿಯನ್ನು ಕರೆಯುವುದರ ಜತೆಗೆ ಸಭೆಯ ಗಮನವನ್ನೂ ಎಳೆಯುತ್ತಿತ್ತು. 1954ರ 'ಬೇಡರ ಕಣ್ಣಪ್ಪ'ದಿಂದ ನಾಯಕನಾಗಿ ತೆರೆಗೆ ಬಂದ ರಾಜ್‌ಕುಮಾರ್ ಅವರ ನಾಲಿಗೆ ಆ ರಂಗದ ಮೇಲೇ ಹದಗೊಂಡದ್ದು. ವಜ್ರಮುನಿಯವರ ಗುಡುಗಿನ ಹಿಂದೆಯೂ ರಂಗಭೂಮಿಯೇ ಇದೆ.

ಆದರೆ ಈ ಗ್ರಾಂಥಿಕ ಭಾಷೆಯ ಹೆಚ್ಚುಗಾರಿಕೆ ಸದ್ದಿನಲ್ಲಿಲ್ಲ, ವಾದದಲ್ಲಿದೆ. ಯಕ್ಷಗಾನ, ತಾಳಮದ್ದಳೆಗಳನ್ನು ಕೇಳಿದವರಿಗೆ ಇದು ಗೊತ್ತು: ಅಲ್ಲಿ ಸಿಟ್ಟಾದ ಪಾತ್ರ ಎದುರಾಳಿಯನ್ನು ಬೈಯುವುದಿಲ್ಲ, ಅವನ ಚರಿತ್ರೆಯನ್ನು ಬಿಚ್ಚುತ್ತದೆ. ಹುಣಸೂರು ಕೃಷ್ಣಮೂರ್ತಿಯವರ 1977ರ 'ಬಭ್ರುವಾಹನ'ದಲ್ಲಿ ಅರ್ಜುನ ಮತ್ತು ಬಭ್ರುವಾಹನ ಎರಡೂ ಪಾತ್ರಗಳನ್ನು ರಾಜ್‌ಕುಮಾರ್ ಅವರೇ ಮಾಡಿದ್ದಾರೆ. ಯಜ್ಞಾಶ್ವವನ್ನು ಒಪ್ಪಿಸಿ ಅಪ್ಪನ ಕಾಲಿಗೆರಗಲು ಬಂದ ಮಗನನ್ನು ಅರ್ಜುನ ಒಪ್ಪಿಕೊಳ್ಳದೆ ಅವನ ತಾಯಿ ಚಿತ್ರಾಂಗದೆಯ ಶೀಲವನ್ನೇ ಹೀಗಳೆದಾಗ ಹೊತ್ತಿಕೊಳ್ಳುವ ಆ ಸಂಘರ್ಷದ ಪ್ರಸಿದ್ಧ ಹಾಡು, ಮೇಲ್ನೋಟಕ್ಕೆ ಅರ್ಜುನನ ಪರಾಕ್ರಮದ ಹೊಗಳಿಕೆಯಿಂದ ಶುರುವಾಗುತ್ತದೆ. ಹೊಗಳಿಕೆ ಮುಂದುವರಿದಂತೆ ಒಂದೊಂದು ಗೆಲುವಿನ ಹಿಂದೆ ಇದ್ದ ಕೃಷ್ಣನ ಕೈ ಕಾಣಿಸಿಕೊಂಡು ಪ್ರಶಂಸೆಯೇ ಅವಮಾನವಾಗಿ ತಿರುಗುತ್ತದೆ. ಹೊಗಳುತ್ತಲೇ ತೆಗಳುವ ವ್ಯಾಜಸ್ತುತಿಯ ಈ ಕಸುಬು ನಮ್ಮ ಕಾವ್ಯದಿಂದ ಬಂದದ್ದು. ಅದನ್ನು ಸಿನಿಮಾಕ್ಕೆ ಇಷ್ಟು ಸಲೀಸಾಗಿ ತಂದ ಇನ್ನೊಂದು ಉದಾಹರಣೆ ನನಗೆ ಕೂಡಲೆ ನೆನಪಿಗೆ ಬರುವುದಿಲ್ಲ.

ಪ್ರಶ್ನೆಗಳ ಸಾಲು ಈ ರಂಗಭಾಷೆಯ ಇನ್ನೊಂದು ಆಯುಧ. ಬಿ.ಆರ್. ಪಂತುಲು ಅವರು 1959ರಲ್ಲಿ ತಮಿಳಿನಲ್ಲಿ ಬ್ರಿಟಿಷರನ್ನು ಎದುರಿಸಿದ ಪಾಳೆಯಗಾರ ಕಟ್ಟಬೊಮ್ಮನ್ ಕಥೆಯನ್ನೂ 1961ರಲ್ಲಿ ಕನ್ನಡದಲ್ಲಿ 'ಕಿತ್ತೂರು ಚೆನ್ನಮ್ಮ'ನನ್ನೂ ತೆರೆಗೆ ತಂದರು. ಎರಡೂ ಕಥೆಗಳ ಕಿಡಿ ಕಪ್ಪದ ಕೇಳಿಕೆ. ಉತ್ತವರಾರು, ಬಿತ್ತವರಾರು, ಕಪ್ಪ ಕೊಡಬೇಕಾದದ್ದು ಯಾರಿಗೆ, ಏತಕ್ಕೆ ಎಂಬ ಧಾಟಿಯಲ್ಲಿ ಚೆನ್ನಮ್ಮ ಬ್ರಿಟಿಷ್ ಅಧಿಕಾರಿಯನ್ನು ಪ್ರಶ್ನಿಸುವ ಏಕಪಾತ್ರಾಭಿನಯವನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ ನೋಡದವರು ಕಡಿಮೆ. ಆ ಪ್ರಶ್ನೆಗಳಿಗೆ ಉತ್ತರ ಬೇಕಾಗಿಲ್ಲ. ಉತ್ತರ ಇಲ್ಲ ಎಂಬುದನ್ನು ಎದುರಾಳಿಯ ಬಾಯಿಂದಲೇ ಹೊರಡಿಸುವುದು ಅವುಗಳ ಕೆಲಸ. ಇಂದಿನ 'ಯಾರೋ ನೀನು ಕೇಳೋಕೆ?' ಎಂಬ ಮಾತು ಅದೇ ವಂಶದ್ದು, ಆಸ್ತಿ ಕರಗಿ ಹೋಗಿದೆ ಅಷ್ಟೆ.

ಪ್ರಶ್ನೆ: ನಮ್ಮ ಚಿತ್ರಗಳಲ್ಲಿ ಗಂಡು ಪಾತ್ರಗಳಿಗೆ ಸಿಟ್ಟು ಬಂದರೆ ಸಂಭಾಷಣೆ ಸಿಗುತ್ತದೆ, ಹೆಣ್ಣು ಪಾತ್ರಗಳಿಗೆ ಸಿಟ್ಟು ಬಂದರೆ ಕಣ್ಣೀರು ಅಥವಾ ಶಾಪ ಮಾತ್ರ ಸಿಗುತ್ತದೆ. ಇದು ಭಾಷೆಯ ಮಿತಿಯೇ?
(ಓದುಗರು, ಶಿವಮೊಗ್ಗ)

ಉತ್ತರ: ಭಾಷೆಗೆ ಆ ಮಿತಿ ಇಲ್ಲ, ಬರೆಯುವವರಿಗೆ ಇದೆ. ಮನೆಯೊಳಗಿನ ಹೆಣ್ಣುಮಕ್ಕಳ ಸಿಟ್ಟಿಗೆ ಕನ್ನಡ ಕೊಟ್ಟಿರುವ ದಾರಿಗಳು ಗಂಡಸರಿಗೆ ಕೊಟ್ಟಿರುವುದಕ್ಕಿಂತ ಹೆಚ್ಚೇ ಇವೆ.

ಮೊದಲು ಶಾಪದ ಬಗ್ಗೆ ಒಂದು ಮಾತು. ನೀವು ಅದನ್ನು ಕಣ್ಣೀರಿನ ಜತೆ ಒಂದೇ ತಟ್ಟೆಯಲ್ಲಿ ಇಟ್ಟಿದ್ದೀರಿ. ನಾನು ಹಾಗೆ ಇಡಲಾರೆ. 'ನಿನ್ನ ಮನೆ ಹಾಳಾಗ', 'ನಿನ್ನ ಬಾಯಿಗೆ ಮಣ್ಣು ಬೀಳ' ಎಂಬ ಮಾತುಗಳ ಕೊನೆಯಲ್ಲಿರುವ ಆ 'ಅ'ಕಾರ ದಿನದ ಮಾತಿನಲ್ಲಿ ಬೇರೆಲ್ಲೂ ಅಷ್ಟಾಗಿ ಬಳಕೆಯಾಗದ, ಶಾಪಕ್ಕೆಂದೇ ಉಳಿದುಕೊಂಡಂತಿರುವ ರೂಪ. ನೆಟಿಗೆ ಮುರಿದು, ಒಂದು ಹಿಡಿ ಮಣ್ಣು ತೂರಿ ಹಾಕುವ ಹಿಡಿಶಾಪಕ್ಕೆ ಹಳ್ಳಿಯ ಬಲಿಷ್ಠರೂ ಅಂಜುತ್ತಿದ್ದರು, ಏಕೆಂದರೆ ಅದು ಕೈಲಾಗದವರ ಕೊನೆಯ ಅರ್ಜಿ, ಮತ್ತು ಆ ಅರ್ಜಿ ಹೋಗುವುದು ಊರ ಗೌಡನ ಕಚೇರಿಗಲ್ಲ. ಬರೆಯುವವರು ಅದರ ಮುಂದೆ ಹಿಂದೆ ಏನನ್ನೂ ಕಟ್ಟದೆ, ವೃದ್ಧೆಯೊಬ್ಬಳನ್ನು ನಿಲ್ಲಿಸಿ ಕ್ಯಾಮೆರಾದತ್ತ ಶಾಪ ಹಾಕಿಸಿದಾಗ ಮಾತ್ರ ಅದು ಸವಕಲಾಗಿ ಕಾಣುತ್ತದೆ.

ಎರಡನೆಯ ದಾರಿ ಮಾತನ್ನು ಬೇರೆಯವರ ಮೇಲೆ ಹಾಯಿಸುವುದು. 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬ ಗಾದೆ ಕೋಪದ ಬಗ್ಗೆ ಎಷ್ಟು ಹೇಳುತ್ತದೋ ಸಂಭಾಷಣೆಯ ತಂತ್ರದ ಬಗ್ಗೆಯೂ ಅಷ್ಟೇ ಹೇಳುತ್ತದೆ. ಗಂಡನ ಜತೆ ಮಾತು ಬಿಟ್ಟವಳು ಮಗುವಿಗೆ 'ನಿಮ್ಮಪ್ಪನ್ನ ಕೇಳು, ಊಟಕ್ಕೆ ಬಡಿಸ್ಬೇಕಾ ಅಂತ' ಎನ್ನುತ್ತಾಳೆ. ಗಂಡ ಎರಡು ಮಾರು ದೂರದಲ್ಲಿ ಕೂತಿರುತ್ತಾನೆ. ಸೊಸೆಗೆ ಹೇಳಬೇಕಾದದ್ದನ್ನು ಅತ್ತೆ ಹಾಲಿನವನಿಗೆ ಹೇಳುತ್ತಾಳೆ. ಪಾತ್ರೆ ಕುಕ್ಕುವ ಸದ್ದಿಗೂ ಇಲ್ಲಿ ವಾಕ್ಯದ ಸ್ಥಾನವಿದೆ. ಅರವತ್ತು, ಎಪ್ಪತ್ತರ ದಶಕಗಳ ಕೌಟುಂಬಿಕ ಚಿತ್ರಗಳು ಇದನ್ನು ಧಾರಾಳವಾಗಿ ಬಳಸಿಕೊಂಡವು. ಅಡುಗೆಮನೆಯನ್ನು ಹಾಸ್ಯಕ್ಕೆ ಬಿಟ್ಟುಕೊಟ್ಟ ನಂತರ ಆ ಕೌಶಲ ತೆಳುವಾಯಿತು.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 1971ರಲ್ಲಿ ಬಂದ 'ಶರಪಂಜರ'ದ ಕಾವೇರಿ, ಕಲ್ಪನಾ ಅವರು ನಟಿಸಿದ ಪಾತ್ರ, ಮಾನಸಿಕ ಚಿಕಿತ್ಸೆ ಮುಗಿಸಿ ಮನೆಗೆ ಮರಳುತ್ತಾಳೆ. ಆ ಮನೆಯಲ್ಲಿ ಅವಳಿಗೆ ಸಿಟ್ಟು ಬರಲು ನ್ಯಾಯವಾದ ಕಾರಣಗಳಿವೆ, ಆದರೆ ಅವಳು ದನಿ ಎತ್ತಿದರೆ ಸುತ್ತಲಿನವರ ಕಣ್ಣಿಗೆ ಅದು ಕಾಯಿಲೆ ಮರುಕಳಿಸಿದ ಸೂಚನೆ. ಅಂದರೆ ಅವಳಿಗೆ ಭಾಷೆ ಇದೆ, ಮಾತೂ ಇದೆ, ಆದರೆ ಅದನ್ನು ಸಿಟ್ಟು ಎಂದು ಕೇಳಿಸಿಕೊಳ್ಳುವ ಕಿವಿಯೇ ಆ ಮನೆಯಲ್ಲಿಲ್ಲ. ಹೆಣ್ಣು ಪಾತ್ರದ ಸಿಟ್ಟಿನ ಬಗ್ಗೆ ಕನ್ನಡ ಸಿನಿಮಾ ಅದಕ್ಕಿಂತ ಕಟುವಾದದ್ದನ್ನು ಆಮೇಲೆ ಹೇಳಿದೆಯೇ ಎಂಬ ಬಗ್ಗೆ ನನಗೆ ಅನುಮಾನ. ನೀವು ಗಮನಿಸಿದ ಕಣ್ಣೀರಿನ ದೃಶ್ಯಗಳಲ್ಲಿ ಎಷ್ಟೋ, ಮೂಲದಲ್ಲಿ ಸಿಟ್ಟಿನ ದೃಶ್ಯಗಳು. ಸಿಟ್ಟಾದ ನಾಯಕಿ ಪ್ರೇಕ್ಷಕರಿಗೆ ಹಿಡಿಸಳು ಎಂಬ ಭಯದಿಂದ ಬರೆಯುವ ಮೇಜಿನ ಮೇಲೇ ಅವುಗಳಿಗೆ ನೀರು ಸುರಿಯಲಾಗಿದೆ.

ನಮ್ಮ ಬೈಗುಳಗಳಲ್ಲಿ ಹೆಚ್ಚಿನವು ಎದುರಿಗಿರುವ ಗಂಡಸಿನ ತಾಯಿಯನ್ನೋ ವಿಧವೆಯರನ್ನೋ ಹೀಗಳೆಯುವಂಥವು ಎಂಬುದನ್ನೂ ಇಲ್ಲಿ ಸೇರಿಸಬೇಕು. 'ಮುಂಡೇದೇ' ಎಂದು ಮೊಮ್ಮಗನನ್ನು ಮುದ್ದಿನಿಂದ ಗದರುವ ಅಜ್ಜಿಯ ಬಾಯಲ್ಲಿ ಆ ಅರ್ಥ ಅಳಿಸಿಹೋಗಿರಬಹುದು. ತೆರೆಯ ಮೇಲೆ ಅದನ್ನು ಸಿಟ್ಟಿನ ಸರಕಾಗಿ ಬಳಸುವಾಗ ಅಳಿಸಿಹೋಗುವುದಿಲ್ಲ.

ಪ್ರಶ್ನೆ: ನಮ್ಮ ಭಾಗದ ಭಾಷೆಯನ್ನು ಸಿನಿಮಾದವರು ನಗಿಸಲಿಕ್ಕೆ ಮಾತ್ರ ಬಳಸುತ್ತಾರೆ. ಸಿಟ್ಟು ಬಂದ ಕೂಡಲೇ ಪಾತ್ರಗಳು ಬೆಂಗಳೂರು, ಮೈಸೂರು ಕಡೆಯ ಕನ್ನಡಕ್ಕೆ ಜಿಗಿಯುತ್ತವೆ. ಉತ್ತರ ಕರ್ನಾಟಕದವರಿಗೆ ಸಿಟ್ಟು ಬರುವುದಿಲ್ಲವೇ?
(ಓದುಗರು, ಧಾರವಾಡ)

ಉತ್ತರ: ನಿಮ್ಮ ಪತ್ರವೇ ಕೊನೆಯ ಪ್ರಶ್ನೆಗೆ ಉತ್ತರ. ದೂರು ಸರಿಯಾದದ್ದು. ಚಿತ್ರೋದ್ಯಮ ಮೊದಲು ಮದರಾಸಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ನೆಲೆಗೊಂಡದ್ದರಿಂದ ಹಳೆ ಮೈಸೂರಿನ ಮಾತು ತೆರೆಯ 'ಸಾಮಾನ್ಯ' ಕನ್ನಡವಾಯಿತು; ಉಳಿದವೆಲ್ಲ ಬಣ್ಣ ಹಚ್ಚುವ ಸಾಮಗ್ರಿಗಳಾದವು. ಬಣ್ಣದ ಮಾತು ನಗೆಗೆ ಬೇಗ ಒದಗುತ್ತದೆ, ಗಂಭೀರ ಸನ್ನಿವೇಶಕ್ಕೆ ಅದನ್ನು ತರಬೇಕಾದರೆ ಬರೆಯುವವನಿಗೆ ಆ ಮಾತಿನ ಒಳಗೇ ಸಿಟ್ಟಿನ ಮೆಟ್ಟಿಲುಗಳು ಗೊತ್ತಿರಬೇಕು.

ಧಾರವಾಡ, ಬಿಜಾಪುರದ ಕಡೆಯ 'ಲೇ' ಯನ್ನೇ ನೋಡಿ. 'ಯಾಕಲೇ', 'ಹೌದಲೇ', 'ಬಾರಲೇ' ಎಂಬಲ್ಲಿ ಅದು ಗೆಳೆತನದ ಉಸಿರು. ದಕ್ಷಿಣದ ಬರಹಗಾರನ ಕಿವಿಗೆ ಅದು ಜಗಳದ ಆಹ್ವಾನ. ಹೀಗಾಗಿ ಗೆಳೆಯರ ಹರಟೆಯ ದೃಶ್ಯವೂ ತೆರೆಯ ಮೇಲೆ ಹೊಡೆದಾಟಕ್ಕೆ ಮುನ್ನುಡಿಯಂತೆ ಕೇಳಿಸುತ್ತದೆ. ಆ ಕಡೆಯ ನಿಜವಾದ ಸಿಟ್ಟು ಎಷ್ಟೋ ಸಲ 'ರೀ'ಯನ್ನು ಬಿಡದೆ ಬರುತ್ತದೆ: 'ಸುಮ್ಮ ಕೂಡ್ರಿ, ಬಾಳ ಮಾತಾಡಬ್ಯಾಡ್ರಿ' ಎಂದು ಹೇಳುವ ಹಿರಿಯನ ಮಾತಿನಲ್ಲಿ ಮರ್ಯಾದೆಯ ಪ್ರತ್ಯಯ ಪೂರ್ತಿ ಉಳಿದಿದೆ, ಮರ್ಯಾದೆ ಮಾತ್ರ ಉಳಿದಿಲ್ಲ. ದಕ್ಷಿಣದಲ್ಲಿ ಬಹುವಚನ ಕಳಚಿಬಿದ್ದು ಸಿಟ್ಟು ತಿಳಿದರೆ, ಅಲ್ಲಿ ಬಹುವಚನವನ್ನು ಇಟ್ಟುಕೊಂಡೇ ದನಿಯನ್ನು ಕೆಳಗಿಳಿಸಿ ಸಿಟ್ಟು ತಿಳಿಸಬಹುದು. ಇದನ್ನು ತಿಳಿದು ಬರೆದ ಒಂದು ಪಂಚಾಯ್ತಿ ದೃಶ್ಯ ನಮ್ಮ ಸಿನಿಮಾಕ್ಕೆ ಎಷ್ಟು ಹೊಸತಾಗಿ ಕೇಳಿಸೀತು ಎಂದು ಯೋಚಿಸಿ.

ಬೇರೆ ಭಾಗಗಳಲ್ಲಿ ಗಾಳಿ ಸ್ವಲ್ಪ ತಿರುಗಿದೆ. 2014ರ 'ಉಳಿದವರು ಕಂಡಂತೆ' ಮಲ್ಪೆ, ಉಡುಪಿಯ ಕನ್ನಡವನ್ನು ಹಿಂಸೆಯ ಕಥೆಗೇ ಬಳಸಿತು. 2022ರ 'ಕಾಂತಾರ' ಕರಾವಳಿಯ ಮಾತನ್ನು ಕರ್ನಾಟಕದ ಆಚೆಗೂ ಕೇಳಿಸಿತು. ಕರಾವಳಿಯ 'ಮಾರಾಯ' ಎಂಬ ಸಂಬೋಧನೆ ಎಷ್ಟು ಸಾಧುವೆಂದರೆ, ಮಾತಿನ ನಡುವೆ ಅದು ಇದ್ದಕ್ಕಿದ್ದಂತೆ ನಿಂತುಹೋದರೆ ಜಾಗ್ರತೆಯಾಗಿರಬೇಕು. ಮಂಡ್ಯದ ಹಳ್ಳಿಯೊಂದರಲ್ಲಿ ಅಲ್ಲಿನ ಜನರನ್ನೇ ಹಾಕಿಕೊಂಡು ಮಾಡಿದ 'ತಿಥಿ' ಚಿತ್ರ ಶುರುವಾಗುವುದೇ ದಾರಿಹೋಕರನ್ನೆಲ್ಲ ಬೈಯುತ್ತ ಕೂತ ಶತಾಯುಷಿ ಸೆಂಚುರಿ ಗೌಡನಿಂದ. ಅಲ್ಲಿ ಬೈಗುಳ ಸಿಟ್ಟಲ್ಲ, ದಿನಚರಿ. ನಿಜವಾದ ಸಿಟ್ಟಿನ ಮಾತು ಆಸ್ತಿಯ ವಿಷಯ ಬಂದಾಗ ಬೇರೆಯದೇ ದನಿಯಲ್ಲಿ ಕೇಳಿಸುತ್ತದೆ. ಬೈಗುಳಕ್ಕೂ ಸಿಟ್ಟಿಗೂ ಇರುವ ಈ ದೂರವನ್ನು ನಟನಾ ಶಾಲೆಯ ಮೆಟ್ಟಿಲು ಹತ್ತದವರು ಅಷ್ಟು ಸಹಜವಾಗಿ ತೋರಿಸಿದ್ದು ಆ ಚಿತ್ರದ ಸೊಗಸು.

ಪ್ರಶ್ನೆ: ಸಾಯಿಕುಮಾರ್ ಅವರ ಪೊಲೀಸ್ ಪಾತ್ರಗಳ ಮಾತಿಗೆ ಥಿಯೇಟರಿನಲ್ಲಿ ನಾಣ್ಯ ಎರಚುತ್ತಿದ್ದ ಕಾಲ ನೆನಪಿದೆ. ಅದೂ ಕಿರುಚಾಟವೇ ಅಲ್ಲವೇ? ನಿಮ್ಮ ಲೆಕ್ಕದಲ್ಲಿ ಅದು ಒಳ್ಳೆಯದೋ ಕೆಟ್ಟದ್ದೋ?
(ಓದುಗರು, ದಾವಣಗೆರೆ)

ಉತ್ತರ: ಕಿರುಚಾಟವಲ್ಲ, ಓಟ. 1996ರ 'ಪೊಲೀಸ್ ಸ್ಟೋರಿ'ಯ ಅಗ್ನಿ ಪಾತ್ರದ ಮಾತುಗಳ ಬಲ ಇರುವುದು ಉಸಿರಿನಲ್ಲಿ. ಒಂದೇ ಅಳತೆಯ ವಾಕ್ಯಗಳು ಒಂದರ ಹಿಂದೊಂದು ಬರುತ್ತವೆ, ಪ್ರಾಸ ಒಂದನ್ನು ಇನ್ನೊಂದಕ್ಕೆ ಪೋಣಿಸುತ್ತದೆ, ಎಲ್ಲಿ ಉಸಿರು ತೆಗೆದುಕೊಂಡಾರು ಎಂದು ಕಾಯುವ ಪ್ರೇಕ್ಷಕ ತಾನೇ ಉಸಿರು ಹಿಡಿದಿರುತ್ತಾನೆ. ತೆಲುಗಿನಲ್ಲಿ ಬೇರೆ ನಟರಿಗೆ ದನಿ ಕೊಟ್ಟು ಪಳಗಿದ ಕಂಠ ಅವರದು. ಅದು ಯಕ್ಷಗಾನದ ಬಣ್ಣದ ವೇಷದ ಅಬ್ಬರವನ್ನು ಖಾಕಿಗೆ ತೊಡಿಸಿದ ಹಾಗಿತ್ತು, ಮತ್ತು ಅದನ್ನು ಅನುಕರಿಸಿದವರ ಬಳಿ ಉಸಿರು ಇರಲಿಲ್ಲ, ಡೆಸಿಬೆಲ್ ಮಾತ್ರ ಇತ್ತು.

ಅದೇ ದಶಕದಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಧಾಟಿಯೂ ಬಂತು. ಉಪೇಂದ್ರ ನಿರ್ದೇಶನದ, 1995ರ 'ಓಂ' ನಂತರ ಬೆಂಗಳೂರಿನ ಭೂಗತ ಲೋಕದ ಮಾತು ತೆರೆಗೆ ಹರಿದುಬಂದಾಗ, ಸಿಟ್ಟು ಸಪಾಟಾದ ಕ್ರಿಯಾಪದಗಳೊಳಗೆ ಅಡಗಿಕೊಂಡಿತು: 'ಸ್ಕೆಚ್ ಹಾಕು', 'ಎತ್ತು', 'ಮುಗಿಸು'. ಅವುಗಳಲ್ಲಿ ಯಾವುದೂ ದನಿ ಏರಿಸಿ ಹೇಳುವ ಮಾತಲ್ಲ. 'ಅಣ್ಣ ಕರೀತಾವ್ರೆ' ಎಂಬ ಮೂರು ಪದವೂ ಇಲ್ಲದ ವಾಕ್ಯ ಅಗ್ನಿಯ ಒಂದು ಪುಟದ ಮಾತಿಗಿಂತ ಹೆಚ್ಚು ಹೆದರಿಸಬಲ್ಲದು. ಒಳ್ಳೆಯದು ಕೆಟ್ಟದ್ದು ಕೇಳಿದಿರಿ. ನನ್ನ ಒಲವು ಎರಡನೆಯದರ ಕಡೆ, ನಾಣ್ಯಗಳು ಮೊದಲನೆಯದಕ್ಕೇ ಸಲ್ಲಲಿ.

ಪ್ರಶ್ನೆ: ಸೆನ್ಸಾರ್ ಮಂಡಳಿ ಯಾವ ಬೈಗುಳಕ್ಕೆ ಕತ್ತರಿ ಹಾಕುತ್ತದೆ, ಯಾವುದನ್ನು ಬಿಡುತ್ತದೆ ಎಂಬುದಕ್ಕೆ ಪಟ್ಟಿ ಇದೆಯೇ?
(ಓದುಗರು, ತುಮಕೂರು)

ಉತ್ತರ: 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪದಗಳ ಪಟ್ಟಿಯನ್ನು ಕೊಡುವುದಿಲ್ಲ. ಅದರಡಿ ಹೊರಡಿಸಿದ ಮಾರ್ಗಸೂಚಿಗಳು ಅಶ್ಲೀಲತೆ, ದ್ವಂದ್ವಾರ್ಥ, ಹೆಂಗಸರನ್ನು ಹೀಗಳೆಯುವ ಮಾತು, ಜಾತಿ ಧರ್ಮಗಳ ನಿಂದನೆ ಮುಂತಾದವನ್ನು ಸಾಮಾನ್ಯ ಮಾತುಗಳಲ್ಲಿ ಹೇಳುತ್ತವೆ. ಉಳಿದದ್ದು ಚಿತ್ರ ನೋಡುವ ಸಮಿತಿಯ ವಿವೇಚನೆ. 2023ರ ತಿದ್ದುಪಡಿಯ ನಂತರ, ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ 'ಯು/ಎ' ದರ್ಜೆಯನ್ನು ಏಳು, ಹದಿಮೂರು, ಹದಿನಾರು ವರ್ಷ ಎಂದು ಒಡೆದಿದ್ದಾರೆ. ಜಾಲತಾಣದ ವೇದಿಕೆಗಳಲ್ಲಿ ನೇರವಾಗಿ ಬರುವ ಚಿತ್ರ, ಸರಣಿಗಳಿಗೆ ಈ ಮಂಡಳಿಯ ಪ್ರಮಾಣಪತ್ರ ಬೇಕಿಲ್ಲ. ಅವು 2021ರ ನಿಯಮಗಳಂತೆ ತಮ್ಮ ದರ್ಜೆಯನ್ನು ತಾವೇ ನಮೂದಿಸುತ್ತವೆ.

ಕತ್ತರಿಗಿಂತ ಅದರ ಭಯ ಹುಟ್ಟಿಸಿದ ಜಾಣತನ ಹೆಚ್ಚು ಸ್ವಾರಸ್ಯದ್ದು. 'ನನ್ ಮಗನೆ' ಎಂಬ ಮಾತನ್ನು ಅಕ್ಷರಶಃ ಓದಿದರೆ ಅದರಲ್ಲಿ ಆಕ್ಷೇಪಿಸಲು ಏನೂ ಇಲ್ಲ, ಕೇಳಿದವನಿಗೆ ಏನೂ ಕಡಿಮೆಯಾಗುವುದೂ ಇಲ್ಲ. ಬೀಪ್ ಸದ್ದಂತೂ ಸೋಲನ್ನು ಒಪ್ಪಿಕೊಂಡಂತೆ. ಪ್ರೇಕ್ಷಕ ಆ ಖಾಲಿ ಜಾಗದಲ್ಲಿ ಬರಹಗಾರ ಬರೆದದ್ದಕ್ಕಿಂತ ಕೆಟ್ಟದ್ದನ್ನೇ ತುಂಬಿಕೊಳ್ಳುತ್ತಾನೆ.

ಪ್ರಶ್ನೆ: ಕನ್ನಡಕ್ಕೆ ಡಬ್ ಆದ ತೆಲುಗು, ತಮಿಳು ಚಿತ್ರಗಳಲ್ಲಿ ಸಿಟ್ಟಿನ ಮಾತು ಕೃತಕವಾಗಿ ಕೇಳಿಸುವುದೇಕೆ?
(ಓದುಗರು, ಬಳ್ಳಾರಿ)

ಉತ್ತರ: ತುಟಿಯ ಕಾರಣಕ್ಕೆ. ತೆಲುಗಿನ 'ರಾ', ತಮಿಳಿನ 'ಡಾ' ಒಂದೇ ಅಕ್ಷರದವು, ಯಾವ ಕ್ರಿಯಾಪದದ ಬಾಲಕ್ಕೂ ಅಂಟಿಕೊಳ್ಳುತ್ತವೆ, ಬಾಯಿ ತೆರೆದೇ ಮುಗಿಯುತ್ತವೆ. ಕನ್ನಡದಲ್ಲಿ 'ಬಾರೋ', 'ಹೋಗೋ' ಎಂಬ ವಿಧಿರೂಪದಲ್ಲಿ 'ಓ' ಸಲೀಸಾಗಿ ಕೂರುತ್ತದೆ, ಆದರೆ 'ಹೇಳಿದೆ' ಎಂಬ ಹೇಳಿಕೆಗೆ ಅದೇ ಖಾರ ಹಚ್ಚಬೇಕಾದರೆ 'ಹೇಳಿದೆ ಕಣೋ' ಎಂದು ಎರಡು ಅಕ್ಷರ ಹೆಚ್ಚಿಗೆ ಬೇಕು, ಮತ್ತು ಅಷ್ಟರಲ್ಲಿ ನಟನ ಬಾಯಿ ಮುಚ್ಚಿಹೋಗಿರುತ್ತದೆ. ಅನುವಾದಕ ಇಕ್ಕಟ್ಟಿಗೆ ಸಿಕ್ಕಿ ಒಂದೋ 'ಕಣೋ'ವನ್ನು ಕೈಬಿಡುತ್ತಾನೆ, ಆಗ ಸಿಟ್ಟು ವರದಿಯಾಗುತ್ತದೆ. ಅಥವಾ ಎಲ್ಲ ಕಡೆ 'ಲೋ' ತುರುಕುತ್ತಾನೆ, ಆಗ ಜಿಲ್ಲಾಧಿಕಾರಿಯೂ ಪುಂಡನೂ ಒಂದೇ ಮಾತಾಡುತ್ತಾರೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ಇದ್ದ ದೀರ್ಘಕಾಲದ ಅಡ್ಡಿಯ ವಿರುದ್ಧ, ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಮೇಲಷ್ಟೇ ಈ ಕಸುಬು ಮತ್ತೆ ಬೇರೂರಲು ಶುರುವಾಯಿತು. ಹಿಂದಿ, ತೆಲುಗಿನಲ್ಲಿ ದಶಕಗಳಿಂದ ಪಳಗಿದ ಡಬ್ಬಿಂಗ್ ಬರಹಗಾರರ ಪರಂಪರೆ ನಮ್ಮಲ್ಲಿ ಈಗ ಬೆಳೆಯುತ್ತಿದೆ. ಇತ್ತೀಚಿನ ಕೆಲವು ಚಿತ್ರಗಳಲ್ಲಿ ತುಟಿಯ ಹಟ ಸ್ವಲ್ಪ ಸಡಿಲಿಸಿ ಮಾತಿನ ಜೀವ ಉಳಿಸಿಕೊಂಡದ್ದನ್ನು ಕಂಡಿದ್ದೇನೆ. ಅದೇ ಸರಿಯಾದ ಆಯ್ಕೆ.

ಪ್ರಶ್ನೆ: ನಾನು ಕಿರುಚಿತ್ರವೊಂದಕ್ಕೆ ಸಂಭಾಷಣೆ ಬರೆಯುತ್ತಿದ್ದೇನೆ. ಮಗ ಅಪ್ಪನಿಗೆ ಹೇಳದೆ ಜಮೀನಿನ ಮೇಲೆ ಸಾಲ ಎತ್ತಿದ್ದಾನೆ. ಬ್ಯಾಂಕಿನ ನೋಟೀಸು ಅಪ್ಪನ ಕೈಗೆ ಸಿಕ್ಕಿದೆ. ರಾತ್ರಿ ಮಗ ಮನೆಗೆ ಬಂದಾಗ ಅಪ್ಪ, 'ನೀನು ನನ್ನ ನಂಬಿಕೆಗೆ ದ್ರೋಹ ಮಾಡಿದೆ! ನನ್ನ ಕೋಪ ಎಂಥದ್ದು ಅಂತ ನಿನಗೆ ಗೊತ್ತಿಲ್ಲ!' ಎನ್ನುತ್ತಾನೆ. ಗೆಳೆಯರು ಇದು ನಾಟಕೀಯವಾಯಿತು ಎನ್ನುತ್ತಿದ್ದಾರೆ. ಹೇಗೆ ತಿದ್ದಲಿ?
(ಓದುಗರು, ಚಿಕ್ಕಮಗಳೂರು)

ಉತ್ತರ: ಗೆಳೆಯರು ಹೇಳಿದ್ದು ಸರಿ, ಆದರೆ ತೊಡಕು ನಾಟಕೀಯತೆಯದಲ್ಲ. ನ್ಯಾಯವಾಗಿ ಸಿಟ್ಟಾದವನು ತನ್ನ ಕೋಪದ ಬಗ್ಗೆ ಮಾತಾಡುವುದಿಲ್ಲ. 'ದ್ರೋಹ', 'ಕೋಪ' ಎಂಬ ಹೆಸರುಗಳನ್ನು ಅಪ್ಪನ ಬಾಯಿಂದ ತೆಗೆದುಬಿಡಿ. ಅವು ಪ್ರೇಕ್ಷಕರು ಇಟ್ಟುಕೊಳ್ಳಬೇಕಾದ ಹೆಸರುಗಳು. ಅಪ್ಪನ ಬಳಿ ಇರುವುದು ನೋಟೀಸು, ಜಮೀನು, ಎದುರಿಗೆ ನಿಂತ ಮಗ. ಅವನು ಆ ವಸ್ತುಗಳನ್ನು ಹಿಡಿದೇ ಮಾತಾಡಲಿ.

ಆಮೇಲೆ ಅವನು ದಿನವೂ ಮಗನನ್ನು ಹೇಗೆ ಕರೆಯುತ್ತಾನೆ ಎಂಬುದನ್ನು ಹಿಂದಿನ ದೃಶ್ಯವೊಂದರಲ್ಲಿ ತೋರಿಸಿ. 'ಮಗ, ಬಾರೋ ಇಲ್ಲಿ' ಎನ್ನುವವನಾದರೆ ಈ ರಾತ್ರಿ ಅದನ್ನು ಬಿಟ್ಟುಕೊಡಲಿ. 'ಬನ್ನಿ ಸಾಹುಕಾರ್ರೆ. ಕೂತ್ಕೊಳ್ಳಿ. ಊಟ ಆಯ್ತೋ, ಬ್ಯಾಂಕಿನವರೇ ಹಾಕ್ಸಿದ್ರೋ?' ಎಂದು ಅವನು ತಣ್ಣಗೆ ಕೇಳಿದರೆ ಮಗನಿಗೆ ವಿಷಯ ತಿಳಿಯುತ್ತದೆ, ನೋಟೀಸನ್ನು ತೋರಿಸುವ ಅಗತ್ಯವೂ ಇರುವುದಿಲ್ಲ. ಮಗ ಸಮಜಾಯಿಷಿ ಶುರುಮಾಡಲಿ: ವ್ಯಾಪಾರ, ಬಡ್ಡಿ, ಆರು ತಿಂಗಳಲ್ಲಿ ತೀರಿಸುವ ಮಾತು. ಅಪ್ಪ ಒಂದು ಪದವನ್ನು ಹಿಡಿದು ಅದನ್ನೇ ಮುರಿಯಲಿ: 'ವ್ಯಾಪಾರವಂತೆ, ಗೀಪಾರವಂತೆ.' ನಮ್ಮ ಭಾಷೆಯಲ್ಲಿ 'ಗೀ'ಕಾರದ ಈ ಮರಿಪದಕ್ಕೆ ಎದುರಿಗಿರುವವನ ಕನಸನ್ನೇ ಒಂದು ಉಸಿರಿನಲ್ಲಿ ಹೊಸಕುವ ಶಕ್ತಿ ಇದೆ. ಇದನ್ನು ಇಡೀ ಚಿತ್ರದಲ್ಲಿ ಒಂದೇ ಸಲ ಬಳಸಿ.

ಬಹುವಚನ ಮುರಿದುಬೀಳುವ ಜಾಗವನ್ನು ಎಲ್ಲಿ ಇಡುತ್ತೀರಿ ಎಂಬುದು ನಿಮ್ಮ ಮುಖ್ಯ ನಿರ್ಧಾರ. ತಾಯಿ ಒಳಗಿನಿಂದ ಬಂದು ನಡುವೆ ನಿಂತಾಗ ಅಪ್ಪ ಮಗನ ಕಡೆ ನೋಡದೆ ಅವಳಿಗೆ 'ಅದಕ್ಕೆ ಬಡಿಸು, ತಿಂದು ಸಾಯ್ಲಿ' ಎನ್ನಬಹುದು. 'ನೀವು' ಎಂಬಲ್ಲಿಂದ ನೇರವಾಗಿ 'ಅದು' ಎಂಬಲ್ಲಿಗೆ ಬಿದ್ದ ಆ ಪ್ರಪಾತದಲ್ಲಿ ನಿಮ್ಮ ದೃಶ್ಯ ಇದೆ. ಅದೇ ಮಾತಿನಲ್ಲಿ ಊಟ ಹಾಕಿಸುವ ಅಪ್ಪನೂ ಇದ್ದಾನೆ. ಮಗನಿಗೆ ಉತ್ತರ ಬರೆಯಬೇಡಿ.

ಇನ್ನೊಂದು ಸಣ್ಣ ವಿಷಯ. ಚಿತ್ರಕಥೆಯ ಹಾಳೆಯಲ್ಲಿ ಅಪ್ಪನ ಹೆಸರಿನ ಮುಂದೆ ಆವರಣದೊಳಗೆ 'ಕೋಪದಿಂದ' ಎಂದು ಬರೆದಿದ್ದರೆ ಅದನ್ನು ಹೊಡೆದುಹಾಕಿ. ನಟ ಅದನ್ನು ಓದಿದ ಕೂಡಲೇ ಹುಬ್ಬು ಗಂಟಿಕ್ಕಿ ದನಿ ಏರಿಸುತ್ತಾರೆ, ಆಮೇಲೆ ನಿಮ್ಮ 'ಬನ್ನಿ ಸಾಹುಕಾರ್ರೆ'ಯನ್ನು ಯಾರೂ ಉಳಿಸಲಾರರು. ಚಿಕ್ಕಮಗಳೂರಿನ ಕಡೆಯ ಅಪ್ಪ 'ಸಾಹುಕಾರ್ರೆ' ಎನ್ನುತ್ತಾನೋ ಬೇರೆ ಏನಾದರೂ ಎನ್ನುತ್ತಾನೋ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆ ಪದವನ್ನು ನಿಮ್ಮ ಊರಿನದಕ್ಕೆ ಬದಲಿಸಿಕೊಳ್ಳಿ.